ಯಾರಿಂದ ಕೇಳಿದ್ದು?

ಐವತ್ತರ ದಶಕದಲ್ಲಿ ಫೋರ್ಟ್ ಪೇಟೆಯ ಉಡುಪಿ ಹೋಟೆಲಿನಲ್ಲಿ ನಮ್ಮ ಮೇಜಿಗೆ ಬಂದು ಕೂರುತ್ತಿದ್ದ ಪ್ರೊಫೆಸರರು ಮಂಗಳೂರಿನ ಕಡೆಯವರು. ಕಾಲೇಜಿನಲ್ಲಿ ಇಸ್ಲಾಮಿನ ಚರಿತ್ರೆ ಕಲಿಸುತ್ತಿದ್ದರು. ಯಾರು ಏನೇ ಸುದ್ದಿ ತಂದರೂ ಕನ್ನಡಕವನ್ನು ಹಣೆಗೇರಿಸಿ, "ಯಾರಿಂದ ಕೇಳಿದ್ದು ಮಾರಾಯ್ರೆ?" ಎನ್ನುವರು. ಪ್ರವಾದಿಯವರ ಕಾಲದ ಸಂಗತಿಗಳನ್ನು ಹಳಬರು ಬರೆದಿಟ್ಟದ್ದೇ ಹಾಗಂತೆ. ಯಾರಿಂದ ಯಾರು ಕೇಳಿದರೆಂಬ ಹೆಸರುಗಳ ಸರಪಳಿ ಮೊದಲು, ಸಂಗತಿ ಆಮೇಲೆ. ಆ ಒಬ್ಬೊಬ್ಬರೂ ನಂಬತಕ್ಕವರೇ ಎಂದು ತೂಗಿ ನೋಡುತ್ತಿದ್ದರಂತೆ.

ಒಂದು ದಿನ ಆ ಹೋಟೆಲು ಮುಚ್ಚುತ್ತದೆಂಬ ಸುದ್ದಿ ಹಬ್ಬಿತು. ಊರು ಬಿಟ್ಟು ಬಂದು ಚಾಳಿನ ಕೋಣೆಗಳಲ್ಲಿ ಒಂಟಿಯಾಗಿದ್ದ ನಮಗೆಲ್ಲ ಊರಿನ ರುಚಿಯೆಂದರೆ ಅದೊಂದೇ. ಎಲ್ಲರ ಮುಖವೂ ಬಾಡಿತು. ಪ್ರೊಫೆಸರರ ಕನ್ನಡಕ ಹಣೆಗೇರಿತು. ನಾನು ಕೇಳಿದ್ದು ಬ್ಯಾಂಕಿನ ಗುಮಾಸ್ತರಿಂದ, ಅವರು ಕೇಳಿದ್ದು ಸಪ್ಲಾಯರನಿಂದ. ಅವನನ್ನು ಕರೆದರು.

"ನೀವೇ ಅಲ್ವಾ ಸರ್ ಹೇಳಿದ್ದು? ಮೊನ್ನೆ ಕಾಫಿ ತಣ್ಣಗಿತ್ತಲ್ಲ, ಹೀಗಾದ್ರೆ ಹೋಟೆಲು ಮುಚ್ಚಿತು ಅಂತ್ಲೇ ಲೆಕ್ಕ ಅಂದ್ರಿ."

ಪ್ರೊಫೆಸರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಸರಪಳಿ ಗಟ್ಟಿಯೇ ಉಂಟು. ಮೊದಲು ಹೇಳಿದ ಆಸಾಮಿಯನ್ನು ಮಾತ್ರ ನಂಬಬೇಡಿ," ಎನ್ನುತ್ತ ಎಲ್ಲರಿಗೂ ಕಾಫಿ ಹೇಳಿದರು.

ಅಂದು ಕಾಫಿ ಹೊಗೆಯಾಡುತ್ತ ಬಂತು. ಇದು ಯಾರಿಂದಲೋ ಕೇಳಿದ್ದಲ್ಲ, ಹೇಳುತ್ತಿರುವವನು ಆ ಕಾಫಿ ಕುಡಿದವನೇ.