ಕುಂತ ಕಾರನ್ನು ಎಬ್ಬಿಸುವ ದೇವಕ್ಕ

ಭಾನುವಾರದ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೈಲಹೊಂಗಲದ ಹೊರಗೆ, ಯರಗಟ್ಟಿ ರಸ್ತೆಯ ಬದಿಯ ತಗಡಿನ ಶೆಡ್ಡಿನ ಮುಂದೆ ದೇವಕ್ಕ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನಿಂತಿದ್ದಾರೆ. ಎದುರಿಗೆ ಬೂದು ಬಣ್ಣದ ದೊಡ್ಡ ವಿದೇಶಿ ಕಾರು. ನಿನ್ನೆ ಸಂಜೆ ನಾಲ್ಕೂ ಗಾಲಿಯ ಮೇಲೆ ಠೀವಿಯಿಂದ ಎದ್ದು ನಿಂತಿದ್ದ ಅದು ಬೆಳಗಾಗುವುದರೊಳಗೆ ಹಿಂಭಾಗವನ್ನು ನೆಲಕ್ಕೆ ಊರಿಬಿಟ್ಟಿದೆ. ಹಿಂದಿನ ಗಾಲಿಗಳು ಅರ್ಧಕ್ಕರ್ಧ ಒಳಗೆ ಮುಚ್ಚಿಹೋಗಿವೆ.

"ನೋಡ್ರಿ, ಮುಂದಿನ ಕಾಲು ಊರಿ ನಾಯಿ ಕುಂತಂಗ ಕುಂತೈತಿ," ಎನ್ನುತ್ತಾರೆ ದೇವಕ್ಕ. ಸಿಟ್ಟಿದೆ, ಆದರೆ ಕಾರಿನ ಮೇಲಲ್ಲ. "ನಿನ್ನಿ ಮುಂದಿಂದು ಸೋರಾಕ ಹತ್ತಿತ್ತು, ಅದನ್ನ ಕಟ್ಟಿದೆ. ಸಿಕ್ತಲ್ಲ ಅಂತ ಖುಷಿಯಾಗಿ ಉಂಡು ಮಲಗಿದೆ. ಹಿಂದ ನೋಡಲೇ ಇಲ್ಲ. ತಪ್ಪು ನಂದ ಐತ್ರಿ."

ಇಂಥ ಕಾರುಗಳ ಮರ್ಮ ಗೊತ್ತಿಲ್ಲದವರಿಗೆ ಎರಡು ಮಾತು. ಇವುಗಳಲ್ಲಿ ಒಂದು ಪಂಪು ಭಾರೀ ಒತ್ತಡದಲ್ಲಿ ಎಣ್ಣೆಯನ್ನು ಸಣ್ಣ ಸಣ್ಣ ಪೈಪುಗಳ ಮೂಲಕ ನಾಲ್ಕೂ ಗಾಲಿಗಳ ಸಿಲಿಂಡರಿಗೆ ತಳ್ಳುತ್ತದೆ. ಗಾಲಿಯ ಹೊಡೆತವನ್ನೆಲ್ಲ ಆ ಎಣ್ಣೆಯೇ ನುಂಗುತ್ತದೆ. ಒಳಗೆ ಕುಳಿತವರಿಗೆ ರಸ್ತೆಯ ಗುಂಡಿಯ ಸುದ್ದಿಯೇ ಮುಟ್ಟುವುದಿಲ್ಲ. ಆದರೆ ಎಲ್ಲಾದರೂ ಒಂದು ಕಡೆ ಹನಿ ಸೋರಿತೋ, ಕಾರು ಮೆಲ್ಲಗೆ ನೆಲ ಹಿಡಿಯುತ್ತದೆ. ಹೊಸದಿದ್ದಾಗ ಕಂಪನಿಯವರು ನೋಡಿಕೊಳ್ಳುತ್ತಾರೆ. ಹಳೆಯದಾದ ಮೇಲೆ ಅಗ್ಗಕ್ಕೆ ಸಿಗುತ್ತದೆ, ಯಾಕೆ ಅಗ್ಗ ಎಂಬುದು ಮೊದಲ ಸಲ ಕುಂತಾಗ ತಿಳಿಯುತ್ತದೆ. ಆನೆ ಕೊಳ್ಳುವುದು ಸುಲಭ, ಸಾಕುವುದು ಕಷ್ಟ ಎಂದು ನಮ್ಮ ಹಿರಿಯರು ಇಂಥ ಕಾರನ್ನು ಕಾಣದೆಯೇ ಹೇಳಿಟ್ಟಿದ್ದಾರೆ.

ಈ ಆನೆಯ ಮಾಲೀಕ ಕಟಕೋಳದ ವಿಜಯ. ಗೋವಿನಜೋಳ, ಹೆಸರುಕಾಳಿನ ವ್ಯಾಪಾರಿ. ರಾತ್ರಿ ಶೆಡ್ಡಿನ ಕಟ್ಟೆಯ ಮೇಲೆಯೇ ಮಲಗಿದ್ದವರು ಈಗ ಟವೆಲ್ಲು ಕೊರಳಿಗೆ ಹಾಕಿಕೊಂಡು, ಮೋರೆ ಸಣ್ಣದು ಮಾಡಿಕೊಂಡು ಕುಳಿತಿದ್ದಾರೆ. ಊರಲ್ಲಿ ಜನ "ಸಾಹುಕಾರ ವಿಮಾನ ತಂದಾನ, ಅದಕ್ಕ ಹಾರಾಕ ಬರೂದಿಲ್ಲ" ಎಂದು ಆಡಿಕೊಳ್ಳುತ್ತಾರಂತೆ. ಊರ ಬಾಯಿಗೆ ಮುಚ್ಚಳ ಎಲ್ಲಿ ಸಿಗುತ್ತದೆ?

"ಶೋಕಿಗೆ ತಂದದ್ದಲ್ರಿ ಇದು," ಎನ್ನುತ್ತಾರೆ ವಿಜಯ. "ನಮ್ಮ ಮನಿಯಾಕಿಗೆ ಬೆನ್ನಿನ ಆಪರೇಷನ್ ಆಗೈತಿ. ಸಣ್ಣ ಗಾಡ್ಯಾಗ ಕುಂತ್ರ ಊರ ಅಗಸಿ ಬಾಗಿಲಾ ದಾಟೂದ್ರಾಗ ಕಣ್ಣಾಗ ನೀರು. ಪುಣೇದಾಗ ದೋಸ್ತನ ಇಂಥ ಗಾಡ್ಯಾಗ ದವಾಖಾನಿಗೆ ಹೋಗಿದ್ವಿ, ಆಕೀ ನಿದ್ದೀ ಹತ್ತಿದ್ಲು. ಅವತ್ತ ಹಳೇದಾದ್ರೂ ಒಂದು ತರಬೇಕು ಅಂತ ಮಾಡಿದೆ."

ಅವರ ಮನೆಯಾಕೆ ಉಮಾಶ್ರೀ, ಸವದತ್ತಿಯ ಒಂದು ಖಾಸಗಿ ಹೈಸ್ಕೂಲಿನ ಗಣಿತ ಶಿಕ್ಷಕಿ. ಶಾಲೆಯವರು ಅವರಿಗಾಗಿ ತಿಂಗಳುಗಟ್ಟಲೆ ದಾರಿ ಕಾದಿದ್ದಾರೆ. ಹತ್ತನೆಯ ತರಗತಿ ಇನ್ನು ಕಾಯುವಂತಿಲ್ಲ, ಈ ಸೋಮವಾರ ಹಾಜರಾಗದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದ್ದಾರೆ. ಕೆಲಸ ಹೋದರೆ ಹೊಟ್ಟೆಗೇನೂ ಕಡಿಮೆಯಾಗುವುದಿಲ್ಲ. ಆದರೆ ಮಲಗಿದ ಮಂಚದಿಂದ ಉಮಾಶ್ರೀ ಇಷ್ಟು ದಿನ ನೋಡುತ್ತಿದ್ದದ್ದು ಆ ಒಂದು ಸೋಮವಾರವನ್ನೇ. ನಾಳೆಯೇ ಆ ಸೋಮವಾರ, ಕಾರು ನೋಡಿದರೆ ಕುಂತಿದೆ.

ದೊಡ್ಡ ಊರಿನ ವರ್ಕ್‌ಶಾಪಿಗೆ ಒಯ್ದಾಗ ನಾಲ್ಕೂ ಸಿಲಿಂಡರು, ಪಂಪು ಎಲ್ಲ ಹೊಸದು ಹಾಕಬೇಕು, ಕಾರು ಕೊಂಡಷ್ಟೇ ಖರ್ಚು, ಸಾಮಾನು ಹೊರದೇಶದಿಂದ ಬರಬೇಕು ಎಂದರು. ವಿಜಯ ಅಲ್ಲೇ ಕುಸಿದು ಕುಳಿತಾಗ ಆ ವರ್ಕ್‌ಶಾಪಿನ ಎಂಜಿನಿಯರ್ ಅರ್ಜುನ ಬದಿಗೆ ಕರೆದು, "ಸಾಮಾನು ಬದಲಿ ಮಾಡೂದಷ್ಟ ನಮ್ಮ ಕಡೆ ಐತ್ರಿ. ಬಿಚ್ಚಿ ಕಟ್ಟಾವ್ರು ಬೇಕಂದ್ರ ಬೈಲಹೊಂಗಲದ ದೇವಕ್ಕನ ಕಡೆ ಹೋಗ್ರಿ" ಎಂದರಂತೆ. ಅರ್ಜುನ ಕಳಿಸಿದ ಕಾರು ಇದೇ ಮೊದಲಲ್ಲ. ಕಂಪ್ಯೂಟರ್ ಹಚ್ಚಿ ನೋಡುವ ದೋಷ ಬಂದರೆ ದೇವಕ್ಕ ಅವರಿಗೆ ಫೋನು ಮಾಡುತ್ತಾರೆ, ಎಣ್ಣೆಯ ದೋಷ ಬಂದರೆ ಅವರು ಇವರಿಗೆ ಮಾಡುತ್ತಾರೆ. ಇಬ್ಬರೂ ಮುಖಾಮುಖಿ ಭೇಟಿಯಾದದ್ದು ಒಂದೇ ಸಲ, ಅದೂ ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ.

ಐವತ್ತರ ಆಸುಪಾಸಿನ ದೇವಕ್ಕ ಹುಟ್ಟಿದ್ದು ತೊರಗಲ್ಲಿನಲ್ಲಿ, ಕಲಿತದ್ದು ಏಳನೆಯ ಇಯತ್ತೆ. ಬೈಲಹೊಂಗಲಕ್ಕೆ ಸೊಸೆಯಾಗಿ ಬಂದರು. ಗಂಡ ಹಣಮಂತಪ್ಪನವರದು ಲೇತ್ ಮಷಿನ್ನಿನ ಕೆಲಸ. ಜೊತೆಗೆ ಟ್ರ್ಯಾಕ್ಟರಿನ ಲಿಫ್ಟು, ಕಬ್ಬಿನ ಟ್ರಾಲಿ ಎತ್ತುವ ಜಾಕು ಇವುಗಳ ರಿಪೇರಿ. ಬುತ್ತಿ ತಂದ ದೇವಕ್ಕ, ಗಂಡ ಸ್ಕ್ರೂಡ್ರೈವರಿನಿಂದ ಮೀಟಿ ಮೀಟಿ ರಬ್ಬರ್ ಸೀಲು ಕೂರಿಸುವುದನ್ನು, ಅದು ಹರಿಯುವುದನ್ನು, ಅವರು ಬೈಯುವುದನ್ನು ದಿನಾ ನೋಡುತ್ತಿದ್ದರು.

"ಒಂದಿನ ತಡೀಲಾರದ ನಾನೇ ಕೈ ಹಾಕಿದೆ," ಎಂದು ನಗುತ್ತಾರೆ. "ಕರ್ಚಿಕಾಯಿ ಅಂಚು ಮಡಚೂ ಮುಂದ ಚಾಕು ಹಾಕತೀರೇನ್ರಿ? ಬೆರಳಲೇ ಒತ್ತಿಗೋತ ಹೋಗಬೇಕು. ಸೀಲೂ ಹಂಗ. ಅವಸರ ಮಾಡಿದ್ರ ಬಾಯಿ ಬಿಡತೈತಿ."

ಲೇತ್ ಮಷಿನ್ನಿನ ಹಿಂದಿನಿಂದ ಹಣಮಂತಪ್ಪನವರ ದೂರು ಬರುತ್ತದೆ. "ಆಕೀ ಕೈ ಹಾಕಿದ ಮ್ಯಾಲ ಧಂದೆ ಕೆಟ್ಟಿತ್ರಿ. ಮೊದಲ ಒಂದ ಜಾಕು ವರ್ಷಕ್ಕ ಮೂರು ಸಲ ಬರತಿತ್ತು. ಈಗ ಹೋದದ್ದು ತಿರುಗಿ ಬರೂದ ಇಲ್ಲ." ಹೀಗೆ ಹೇಳುವಾಗ ಆ ಮನುಷ್ಯನ ಮುಖ ನೋಡಬೇಕು, ಹೆಂಡತಿಯ ಬಗ್ಗೆ ಇಷ್ಟು ಹೆಮ್ಮೆಯಿಂದ ದೂರು ಹೇಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಶೆಡ್ಡಿನ ಮೂಲೆಯಲ್ಲಿ ಪರದೆ ಕಟ್ಟಿದ ಒಂದು ಸಣ್ಣ ಕೋಣೆಯಿದೆ. ಅದಕ್ಕೆ ಮನೆಮಂದಿಯೆಲ್ಲ 'ಮಡಿ ಖೋಲಿ' ಎನ್ನುತ್ತಾರೆ. ಸಿಲಿಂಡರು ಬಿಚ್ಚುವುದು, ಕಟ್ಟುವುದು ಅಲ್ಲಿಯೇ. ಚಪ್ಪಲಿ ಹೊರಗೆ, ಕೈ ತೊಳೆದು ಒಳಗೆ, ಫ್ಯಾನು ಹಾಕುವಂತಿಲ್ಲ, ಜೋರಾಗಿ ಸೀನುವಂತೆಯೂ ಇಲ್ಲ. ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿದರು. "ಉಪ್ಪಿನಕಾಯಿ ಭರಣಿಗಿ ಹಸಿ ಕೈ ಹಾಕಿದ್ರ ಏನಾಗತೈತಿ? ಇಲ್ಲಿ ಒಂದು ಉಸುಕಿನ ಕಣ ಹೋದ್ರ ಹಂಗ ಆಗತೈತ್ರಿ. ಹೈಡ್ರಾಲಿಕ್ ಅಂದ್ರ ಮಡೀ ಕೆಲಸ," ಎಂಬುದು ಅವರ ಶಾಸ್ತ್ರ.

ಶಾಸ್ತ್ರ ಕಲಿಯುವಾಗ ಪೆಟ್ಟೂ ಬಿದ್ದಿದೆ. ವರ್ಷಗಳ ಹಿಂದೆ ಜಾಕಿನ ಒತ್ತಡ ಇಳಿಸದೆಯೇ ಪೈಪು ಸಡಿಲಿಸಿದಾಗ ಕೂದಲೆಳೆಯಷ್ಟು ಎಣ್ಣೆ ಚಿಮ್ಮಿ ಎಡಗೈ ತೋರುಬೆರಳಿನೊಳಗೆ ಹೊಕ್ಕಿತು. ಸೂಜಿ ಚುಚ್ಚಿದಂತಾಯಿತಷ್ಟೆ ಎಂದು ಸುಮ್ಮನಿದ್ದರು. ರಾತ್ರಿಯಾಗುವುದರೊಳಗೆ ಕೈ ಊದಿ ಆಸ್ಪತ್ರೆ ಸೇರಬೇಕಾಯಿತು. ಬೆರಳು ಉಳಿಯಿತು, ಆದರೆ ಇವತ್ತಿಗೂ ಪೂರಾ ಮಡಚುವುದಿಲ್ಲ. "ಡಾಕ್ಟರ್ ಉಳಿಸಿಕೊಟ್ರು. ಅವರ ಹೆಸರು ತಗೊಂಡ ದಿನಾ ಪಾನಾ ಹಿಡೀತೇನಿ," ಎಂದು ಸ್ಪ್ಯಾನರು ಎತ್ತಿ ತೋರಿಸುತ್ತಾರೆ. ಗಂಡಸರಿಲ್ಲವೇ ಎಂದು ಕೇಳಿ ವಾಪಸು ಹೋದ ಗಿರಾಕಿಗಳ ಬಗ್ಗೆ ಕೇಳಿದೆ. ಅದನ್ನು ಹೇಳಲು ಅವರಿಗೆ ಅಷ್ಟೇನೂ ಉಮೇದಿಲ್ಲ. ಹೋದವರ ಲೆಕ್ಕಕ್ಕಿಂತ ಬಂದವರ ಲೆಕ್ಕವೇ ಅವರಿಗೆ ಚೆನ್ನಾಗಿ ನೆನಪಿದೆ.

ಬಂದವರಲ್ಲಿ ಮೊದಲು ಕಾರು ತಂದವರು ಕಿತ್ತೂರಿನ ಪರಶು, ಕೆಟ್ಟ ವಾಹನ ಎಳೆದೊಯ್ಯುವ ಗಾಡಿಯವರು. ಹೆದ್ದಾರಿಯಲ್ಲಿ ಕುಂತುಬಿಟ್ಟ ಯಾರದೋ ದೊಡ್ಡ ಕಾರನ್ನು ಹೇರಿಕೊಂಡು ಸೀದಾ ಇಲ್ಲಿಗೆ ತಂದಿಳಿಸಿದರು. "ಅಕ್ಕಾ, ಇದೂ ಕುಂತೈತಿ, ನಿಮ್ಮ ಟ್ರಾಲಿ ಜಾಕೂ ಹಿಂಗ ಕುಂದ್ರತೈತಿ. ಎರಡಕ್ಕೂ ಒಂದ ಮದ್ದು ಇರಬೇಕು ನೋಡ್ರಿ" ಎಂದರಂತೆ. ದೇವಕ್ಕ ಅಲ್ಲಿಯವರೆಗೆ ಇಂಥ ಕಾರು ಮುಟ್ಟಿದವರೇ ಅಲ್ಲ. ಆದರೆ ಬಿಚ್ಚಿ ನೋಡಿದರೆ ಒಳಗಿದ್ದದ್ದು ಪರಿಚಯದ ಸಿಲಿಂಡರೇ, ಮೈಮೇಲೆ ಮಾತ್ರ ದೊಡ್ಡವರ ಮನೆಯ ಬಟ್ಟೆ. ಹುಬ್ಬಳ್ಳಿಯಿಂದ ಅದೇ ಅಳತೆಯ ಸೀಲು ತರಿಸಿ ಕೂರಿಸಿದರು, ಕಾರು ಎದ್ದಿತು. ಈಗ ಕಬ್ಬಿನ ಹಂಗಾಮಿನಲ್ಲಿ ದಿನಕ್ಕೆ ಐದಾರು ಜಾಕು, ತಿಂಗಳಿಗೆ ಒಂದೋ ಎರಡೋ ಇಂಥ ಕಾರು. ಎಲ್ಲವೂ ಏಳುತ್ತವೆಂದಲ್ಲ. ಒಳಗೆ ಕೊರೆದುಹೋದ ಸಿಲಿಂಡರನ್ನು ಅವರು ಮುಟ್ಟುವುದಿಲ್ಲ, ಹೊಸದೇ ಹಾಕಿಸಿ ಎಂದು ಹೇಳಿ ಚಹಾ ಕುಡಿಸಿ ಕಳಿಸುತ್ತಾರೆ.

ಭಾನುವಾರದ ಬೆಳಗಿಗೆ ತಿರುಗಿ ಬರೋಣ. ಹಣಮಂತಪ್ಪ ಕಾರಿನ ಹಿಂಭಾಗವನ್ನು ಜಾಕಿನಿಂದ ಎತ್ತಿ ಭದ್ರ ಮಾಡುತ್ತಾರೆ. ದೇವಕ್ಕ ಅಡಿಯಲ್ಲಿ ತೂರಿ ಪೈಪುಗಳನ್ನೆಲ್ಲ ತೊಳೆದು, ಒಣ ಬಟ್ಟೆಯಿಂದ ಒರೆಸಿ, ಒಂದು ಡಬ್ಬಿ ತೆರೆಯುತ್ತಾರೆ. ಒಳಗಿರುವುದು ಭಂಡಾರ, ನಮ್ಮ ಯಲ್ಲಮ್ಮನ ಗುಡ್ಡದಲ್ಲಿ ಎರಚುವ ಅರಿಶಿಣಪುಡಿ. ಮೆತ್ತನೆಯ ಕುಂಚದಿಂದ ಪೈಪು, ಜೋಡಣೆ, ಸಿಲಿಂಡರು ಎಲ್ಲದಕ್ಕೂ ಅದನ್ನು ತೆಳ್ಳಗೆ ಉದುರಿಸುತ್ತಾರೆ. ಎಂಜಿನ್ ಚಾಲೂ ಮಾಡಿ ಎಣ್ಣೆಗೆ ಒತ್ತಡ ಕೊಟ್ಟು ಕಾಯುತ್ತಾರೆ. ಎಲ್ಲಿ ಹಳದಿ ಒದ್ದೆಯಾಗಿ ಕಪ್ಪಗಾಯಿತೋ ಅಲ್ಲಿ ಸೋರಿಕೆ.

ಇದನ್ನು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಒಮ್ಮೆ ಒಂದು ಟ್ರ್ಯಾಕ್ಟರಿನ ಸೋರಿಕೆ ಹುಡುಕಿ ಸಾಕಾಗಿ, ಮೊದಲು ಗುಡ್ಡಕ್ಕೆ ಹೋಗಿ ಬಾರಪ್ಪ ಎಂದು ಮಾಲೀಕನನ್ನು ಸಾಗಹಾಕಿದರಂತೆ. ಅವನು ಮೈತುಂಬ ಭಂಡಾರ ಎರಚಿಸಿಕೊಂಡ ಟ್ರ್ಯಾಕ್ಟರಿನೊಂದಿಗೆ ಬಂದು ನಿಂತಾಗ ನೋಡುತ್ತಾರೆ, ಎಲ್ಲೆಲ್ಲೂ ಒಣ ಹಳದಿ, ಲಿಫ್ಟಿನ ಒಂದು ಮೂಲೆಯಲ್ಲಿ ಮಾತ್ರ ಒದ್ದೆ ಕಲೆ! "ಅವ್ವನ ತೋರಿಸಿಕೊಟ್ಲು," ಎಂದು ಯಲ್ಲಮ್ಮನ ಗುಡ್ಡದ ಕಡೆ ಕೈ ಮುಗಿಯುತ್ತಾರೆ. "ಆದ್ರ ಗುಡಿ ಭಂಡಾರ ಹಣಿಗಷ್ಟರಿ. ಗಾಡಿಗೆ ಸಂತಿ ಅರಿಶಿಣ. ಹೊರಗ ಎಷ್ಟರ ಉದರಿಸ್ರಿ, ಬಿಚ್ಚೂ ಮುಂದ ತೊಳದಾ ಬಿಚ್ಚಬೇಕು. ಒಳಗ ಅದರದೂ ಒಂದು ಕಣ ಹೋಗಬಾರದು."

ಸಿಲಿಂಡರುಗಳ ಮೇಲಿನ ಹಳದಿ ಒಣಗಿಯೇ ಇದೆ. ವಿಜಯ ಬಗ್ಗಿ ಬಗ್ಗಿ ನೋಡುತ್ತಿದ್ದಾರೆ. ಸ್ವಲ್ಪ ಹೊತ್ತಿಗೆ ಕಾರಿನಡಿಯಿಂದ ದೇವಕ್ಕನ ದನಿ. "ಸಿಕ್ತು! ಪೈಪ್ ಚಪ್ಪಟಿ ಆಗಿ ಸೀಳೈತಿ. ತಮ್ಮಾ, ಇಲ್ಲಿ ಜಾಲಿ ಕಟಗಿ ಸಿಬರು ಯಾಕ ಸಿಕ್ಕೊಂಡೈತೋ?"

ವಿಜಯ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಆಮೇಲೆ ನಿಧಾನಕ್ಕೆ ಬಾಯಿಬಿಡುತ್ತಾರೆ. "ಅಪ್ಪ ಹೇಳಿದ್ರು ಅಕ್ಕಾ. ಎತ್ತು ಬಿಚ್ಚಿದ ಮ್ಯಾಲ ಬಂಡಿಗೆ ಊರುಗೋಲು ಕೊಡೂದಿಲ್ಲೇನು, ಹಂಗ ರಾತ್ರಿ ಇದಕ್ಕೂ ಒಂದು ಕೊಡು, ಹೆಂಗ ಕುಂದ್ರತೈತಿ ನೋಡೂಣು ಅಂದ್ರು. ದಿನಾ ಹಿಂದ ಒಂದು ಜಾಲಿ ತುಂಡು ಇಡತಿದ್ದೆ. ವರ್ಕ್‌ಶಾಪಿನ್ಯಾಗ ಹೇಳಾಕ ನಾಚಿಕಿ ಬಂತು."

ಮುಂದಿನ ಸಿಲಿಂಡರು ಸೋರಿ, ಒತ್ತಡ ಇಳಿದು ಇಡೀ ಕಾರು ಕುಸಿದಾಗಲೆಲ್ಲ ಅದರ ಭಾರ ಆ ತುಂಡಿನ ಮೇಲೆ ಬಿದ್ದು, ತುಂಡು ಪೈಪನ್ನು ಅರೆದಿದೆ. ದೇವಕ್ಕ ಮಲಗಿದಲ್ಲೇ ನಕ್ಕರು, ಹಣಮಂತಪ್ಪ ನಕ್ಕರು, ಕೊನೆಗೆ ವಿಜಯನೂ ನಕ್ಕರು. "ಬಂಡಿ ಕೆಳಗ ಎಣ್ಣಿ ಪೈಪ್ ಇರೂದಿಲ್ಲೋ ತಮ್ಮಾ!" ಎಂದ ದೇವಕ್ಕ ಮರುಗಳಿಗೆಯೇ ಮೆತ್ತಗಾಗುತ್ತಾರೆ. "ಇರಲಿ ಬಿಡು. ಸೊಸಿ ಗಾಡಿ ಕುಂದ್ರಬಾರದು ಅಂತ ನಿಮ್ಮಪ್ಪ ಶಂಕರೆಪ್ಪಣ್ಣಾರು ತಮಗ ತಿಳದ ಕಾಳಜಿ ಮಾಡ್ಯಾರ. ಅವರಿಗೆ ಏನೂ ಅನಬ್ಯಾಡ."

ಹಣಮಂತಪ್ಪ ಅದೇ ಅಳತೆಯ ಹೊಸ ಪೈಪು ಕತ್ತರಿಸಿ, ಲೇತಿನಲ್ಲಿ ಜೋಡಣೆ ಕಡೆದುಕೊಟ್ಟರು. ಗಂಡಹೆಂಡಿರು ಇಬ್ಬರೂ ಮಧ್ಯಾಹ್ನದ ರೊಟ್ಟಿ ಮುಟ್ಟಿದ್ದು ಸಂಜೆಗೆ, ಕಾರು ಎದ್ದು ನಿಂತ ಮೇಲೆ. ಎದ್ದರೆ ಸಾಲದು, ರಾತ್ರಿ ಕಳೆಯಬೇಕು. ದೇವಕ್ಕ ನಾಲ್ಕೂ ಗಾಲಿಗಳ ಮೇಲಿನ ಸಂದನ್ನು ಗೇಣಿನಿಂದ ಅಳೆದು ಮನೆಗೆ ಹೋದರು.

ಸೋಮವಾರ ನಸುಕಿನಲ್ಲಿ ಅವರಿಗಿಂತ ಮೊದಲೇ ನಾನು ಶೆಡ್ಡಿನ ಮುಂದೆ ಇದ್ದೆ ಎಂದು ಹೇಳಲು ನಾಚಿಕೆಯೇನಿಲ್ಲ. ಕಾರು ನಿಂತಿತ್ತು. ದೇವಕ್ಕ ಕಣ್ಣಿಗೆ ಕಂಡದ್ದನ್ನು ನಂಬದೆ ನಾಲ್ಕೂ ಕಡೆ ಗೇಣು ಹಾಕಿದರು. ನಿನ್ನೆಯ ಅಳತೆಯೇ. ವಿಜಯ ಅವರ ಕಾಲಿಗೆ ಬಗ್ಗಲು ಹೋದರೆ, "ಮೊದಲ ಹೋಗು, ಅಕ್ಕೋರಿಗೆ ತಡಾ ಆಗತೈತಿ!" ಎಂದು ಗದರಿ ಓಡಿಸಿದರು. ಶಿಕ್ಷಕಿಯರನ್ನು ಅಕ್ಕೋರು ಎನ್ನುವುದು ನಮ್ಮ ಕಡೆಯ ರೂಢಿ. ಕಾರು ಕಟಕೋಳದ ಕಡೆ ಹೊರಟಿತು.

ದಿನವಿಡೀ ದೇವಕ್ಕ ಜಾಕು ಬಿಚ್ಚುತ್ತಾ ಕಟ್ಟುತ್ತಾ ಇದ್ದರೂ ಕಿವಿ ಮಾತ್ರ ಫೋನಿನ ಕಡೆಯೇ. ಸಂಜೆ ಶಾಲೆ ಬಿಟ್ಟ ಹೊತ್ತಿಗೆ ಉಮಾಶ್ರೀ ಕಳಿಸಿದ ದನಿಮುದ್ರಿಕೆ ಬಂತು. ದೇವಕ್ಕನ ಕೈಯೆಲ್ಲ ಎಣ್ಣೆ. ಹಣಮಂತಪ್ಪನವರೇ ಫೋನು ಅವರ ಕಿವಿಯ ಹತ್ತಿರ ಹಿಡಿದರು. ಹಿಂದೆ ಮಕ್ಕಳ ಗದ್ದಲ, ಮುಂದೆ ಒಂದು ದಣಿದ, ಖುಷಿಯ ದನಿ. "ದೇವಕ್ಕಾ, ನಾನ್ರಿ, ಉಮಾಶ್ರೀ. ಬೆನ್ನು ನೋಯಲಿಲ್ರಿ. ಇವತ್ತ ಎರಡು ಪಿರಿಯಡ್ ನಿಂತ ಪಾಠ ಹೇಳೇನಿ. ನಿಮ್ಮ ಮನಿ ತಣ್ಣಗಿರಲಿ."

"ಇನ್ನೊಮ್ಮಿ ಹಚ್ಚರಿ," ಎಂದರು ದೇವಕ್ಕ. ಹಣಮಂತಪ್ಪ ಇನ್ನೊಮ್ಮೆ ಹಚ್ಚಿದರು. ಕೇಳುತ್ತಾ ಕೇಳುತ್ತಾ ದೇವಕ್ಕನ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈಯಲ್ಲಿ ಎಣ್ಣೆ, ತೋಳಿಗೆ ಒತ್ತಿಕೊಂಡರು.

ನಿಮ್ಮ ಕೆಲಸದ ಬಗ್ಗೆ ಪತ್ರಿಕೆಯಲ್ಲಿ ಏನು ಬರೆಯಲಿ ಎಂದು ಕೇಳಿದೆ. ಅವರು ಬಿಚ್ಚಿಟ್ಟ ಜಾಕಿನ ಕಡೆ ತಿರುಗುತ್ತಾ ಹೇಳಿದರು: "ನಂದೇನು ಬರೀತೀರಿ. ಗಾಡಿ ಎದ್ದು ನಿಂತ್ರ ನಾಕು ಮಂದಿ ಕುಂತು ಹೋಗತಾರ, ಅಷ್ಟ. ಅಕ್ಕೋರು ಎದ್ದು ನಿಂತ್ರ ಒಂದು ವರ್ಗದ ಹುಡುಗರು ಕುಂತು ಕಲೀತಾವ್ರಿ. ಅದನ್ನ ಬರೀರಿ."