ಕಾರ್ಡಿನ ಮೇಲಿನ ಎರಡನೇ ಗೆರೆ

ಆರು ತಿಂಗಳು ತುಂಬುವಾಗ ಗಿರಿಜಾಗೆ ಊಟ ಸೇರದಾಯಿತು. ರೊಟ್ಟಿ ಬಡಿಯುತ್ತ ಬಡಿಯುತ್ತ ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ಚೊಚ್ಚಲ ಬಸಿರು, ಹಾಗೇ ಇರುತ್ತದೆ ಅಂದುಕೊಂಡೆ. ಡಾಕ್ಟರ್ ಮೇಡಂ ರಕ್ತದ ಟೆಸ್ಟು ಬರೆದರು. ಅದರಲ್ಲಿ ಹೆಪಟೈಟಿಸ್ ಬಿ ಅಂತ ಒಂದಿತ್ತು.

ಕೇಶ್ವಾಪುರದ ಒಂದು ಸಣ್ಣ ಲ್ಯಾಬಿಗೆ ಹೋದೆವು. ಲ್ಯಾಬಿನವ ಬೆರಳುದ್ದದ ಪ್ಲಾಸ್ಟಿಕ್ ಕಾರ್ಡಿಗೆ ಹನಿ ಹಾಕಿ ಮೇಜಿನ ಮೇಲಿಟ್ಟ. ಒಂದು ಗೆರೆ ಬಂದರೆ ರೋಗ ಇಲ್ಲ, ಎರಡು ಬಂದರೆ ಇದೆ ಎಂದ. ಒಂದು ಗೆರೆ ದಟ್ಟವಾಗಿ ಮೂಡಿತು. ಅದರ ಪಕ್ಕ ಇನ್ನೊಂದು, ತೀರ ತಿಳಿ.

ನನ್ನ ಕಣ್ಣಿಗೆ ಅದು ಕಂಡಿತು.

ಶಾಲೆ ಏಳನೇ ಕ್ಲಾಸಿಗೇ ಬಿಟ್ಟವ ನಾನು. ಆದರೆ ಹದಿನಾಲ್ಕು ವರ್ಷ ಲೇಥ್ ಮಷಿನ್ ಮುಂದೆ ನಿಂತಿದ್ದೇನೆ. ಕಬ್ಬಿಣದ ಮೇಲಿನ ಕೂದಲೆಳೆಯಷ್ಟು ಬಿರುಕೂ ನನ್ನ ಕಣ್ಣು ತಪ್ಪಿಸಿ ಹೋಗಿಲ್ಲ.

"ಇಲ್ಲೊಂದು ಗೆರಿ ಐತಲ್ರೀ," ಅಂದೆ.

"ಅದು ಹಂಗ ಕಾಣ್ತೈತ್ರಿ. ನೀವೇನ ಎಮ್ಮೆಸ್ಸಿ ಮಾಡೀರೇನು?"

ಬೆಂಚಿನ ಮೇಲಿದ್ದವರು ನಕ್ಕರು. ಅವ ನೆಗೆಟಿವ್ ಅಂತ ಬರೆದುಕೊಟ್ಟ. ಹೊರಗೆ ಕೂತಿದ್ದ ಗಿರಿಜಾಳ ಕೈಗೆ ಕಾಗದ ಕೊಟ್ಟೆ. ಗೆರೆಯ ಮಾತು ಹೇಳಲಿಲ್ಲ. ಮೇಡಂ ಮುಂದೆಯೂ ಹೇಳಲಿಲ್ಲ. ಇನ್ನೊಮ್ಮೆ ನಗೆಪಾಟಲಾಗುವುದು ನನ್ನಿಂದ ಆಗುತ್ತಿರಲಿಲ್ಲ.

ಮೂರು ವಾರಕ್ಕೆ ಕುಬಸ, ಬಸುರಿಗೆ ಉಡಿ ತುಂಬುವ ಕಾರ್ಯ. ಅತ್ತೆ ಹಸಿರು ಸೀರೆ, ಬಳೆ, ಬುತ್ತಿ ಕಟ್ಟಿಕೊಂಡು ಗೋಪನಕೊಪ್ಪದ ನಮ್ಮ ಮನೆಗೆ ಬಂದರು. ಕಾರ್ಯ ಮುಗಿಸಿ ಮಗಳನ್ನು ತವರಿಗೆ ಕರೆದೊಯ್ಯುವವರು. ಹೆರಿಗೆ ಹಳ್ಳಿಯ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಆರತಿ ಆಗುವಾಗ ಗಿರಿಜಾ ನನ್ನ ಮುಖ ನೋಡಿದಳು.

"ಏನ್ರೀ, ನಾ ಇನ್ನೂ ಹೊಂಟಿಲ್ಲ, ಈಗ ಅಳು ಬಂತೇನು?"

ಹೆಂಗಸರೆಲ್ಲ ನಕ್ಕರು. ನನಗೆ ನಗೆ ಬರಲಿಲ್ಲ.

"ಒಂದು ಟೆಸ್ಟು ಬಾಕಿ ಐತಿ. ಅದು ಆಗೂತನಕ ಕಳಸೂದಿಲ್ಲ."

ಅತ್ತೆಯ ಮುಖ ಬಿಗಿಯಿತು. "ಚೊಚ್ಚಲ ಹೆರಿಗಿ ತವರಾಗ ಆಗಬೇಕ್ರಿ, ಅಳ್ಯಾರ. ನಮ್ಮ ಮನಿ ನಿಮಗ ಸಣ್ಣದಾತೇನು?"

ಆಗ ಎಲ್ಲರ ಮುಂದೆ ಗೆರೆಯ ಮಾತು ಹೇಳಿದೆ.

ಮರುದಿನ ಮೇಡಂ ಮುಂದೆಯೂ ಹೇಳಿದೆ. ಅವರು ನಗಲಿಲ್ಲ. "ತಿಳಿ ಗೆರಿನೂ ಗೆರೀನ. ಕಾರ್ಡ್ ಲಗೂ ಹೇಳ್ತದ, ಆದ್ರ ಪಕ್ಕಾ ಅಲ್ಲ. ಸಂಶಯ ಬಂದ್ರ ಎಲೈಸಾ ಟೆಸ್ಟ್ ಮಾಡಿ ನೋಡಬೇಕು," ಎಂದು ದೊಡ್ಡ ಲ್ಯಾಬಿಗೆ ಬರೆದುಕೊಟ್ಟರು. ಇದು ನನಗೆ ತಿಳಿಯದ ಮಾತಲ್ಲ. ಸ್ಕೇಲು ಹಿಡಿದು ನೋಡಿದ್ದನ್ನು ಮೈಕ್ರೋಮೀಟರಿನಲ್ಲಿ ಮತ್ತೆ ಅಳೆಯುವುದು ನಮ್ಮ ದಿನದ ಕೆಲಸ. ಸಂಶಯ ಇದ್ದ ಒಂದು ಸಾಮಾನನ್ನೂ ನಾನು ವರ್ಕ್‌ಶಾಪಿನಿಂದ ಹೊರಗೆ ಬಿಟ್ಟವನಲ್ಲ. ಹೆಂಡತಿಯ ವಿಷಯದಲ್ಲಿ ಮೂರು ವಾರ ಸುಮ್ಮನಿದ್ದೆ.

ಎಲೈಸಾ ಪಾಸಿಟಿವ್ ಬಂತು.

"ಕೂಸಿಗೂ ಬರ್ತೈತೇನ್ರಿ ಮೇಡಂ?" ಗಿರಿಜಾ ಕೇಳಿದ್ದು ಅದೊಂದೇ.

"ಹುಟ್ಟಿದ ಹನ್ನೆರಡು ತಾಸಿನೊಳಗ ಎರಡು ಇಂಜೆಕ್ಷನ್ ಕೊಟ್ರ ಬಹಳ ಮಟ್ಟಿಗೆ ತಪ್ಪಸಬಹುದು. ಅದಕ್ಕ ಹೆರಿಗಿ ಆಸ್ಪತ್ರ್ಯಾಗ ಆಗಲಿ."

ಅತ್ತೆ ಹಾಸಿಗೆ, ಬಾಣಂತಿಯ ಉಂಡೆಗೆ ಕೊಬ್ಬರಿ, ಅಂಟು ಕಟ್ಟಿಕೊಂಡು ನಮ್ಮ ಮನೆಗೇ ಬಂದರು. "ತವರು ಹೊತಗೊಂಡು ಬಂದೇನಿ. ಎಲ್ಲಿ ಇಳಸಲಿ?" ಅಂದರು.

ಮಗಳು ಹುಟ್ಟಿದಳು. ಎರಡು ತೊಡೆಗೆ ಎರಡು ಇಂಜೆಕ್ಷನ್. ಉಳಿದ ಡೋಸುಗಳನ್ನೂ ತಪ್ಪಿಸಲಿಲ್ಲ. ವರ್ಷ ತುಂಬಿದ ಮೇಲೆ ಅವಳ ರಕ್ತ ಎಲೈಸಾಕ್ಕೆ ಹೋಯಿತು. ನೆಗೆಟಿವ್.

ಗಿರಿಜಾ ಆ ಕಾಗದವನ್ನು ಎರಡು ಸಲ ಓದಿ, ಮಡಿಸಿ ಚೀಲದಲ್ಲಿಟ್ಟಳು. ಆಮೇಲೆ, "ನನ್ನ ಮುಂದರ ಅವತ್ತ ಹೇಳಬೇಕಿತ್ತು. ನಾ ನಗ್ತಿದ್ನೇನು?" ಅಂದಳು.



ಗಿರಿಜಾಳ ರಕ್ತದಲ್ಲಿ ಅದು ಇನ್ನೂ ಇದೆ. ಆರು ತಿಂಗಳಿಗೊಮ್ಮೆ ಲಿವರ್ ಟೆಸ್ಟಿಗೆ ಹೋಗುತ್ತೇವೆ. ಈವರೆಗೆ ಛಲೋ ಇದೆ. ರಿಪೋರ್ಟ್ ಅವಳು ಓದುತ್ತಾಳೆ. ತಿಳಿಯದ್ದನ್ನು ಕೌಂಟರಿನಲ್ಲಿ ನಾನು ಕೇಳುತ್ತೇನೆ, ಹಿಂದೆ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿ.