ಅಣ್ಣನಿಗೆ ಎಲ್ಲ ಕೇಳಿಸುತ್ತಿತ್ತು

ಅಣ್ಣನ ಬಾಯಿಗೆ ತುಳಸಿ ನೀರು ಬಿಡಲು ಸೋದರತ್ತೆ ಬಗ್ಗಿದಳು. ಕಬ್ಬಿನ ಹೊಲದಲ್ಲಿ ಹಾವು ಕಚ್ಚಿ, ನಿಪ್ಪಾಣಿಯ ದವಾಖಾನೆಯಲ್ಲಿ ಗಂಟಲಿಗೆ ಪೈಪು ಹಾಕಿಸಿಕೊಂಡು ಅವನು ಹೆಣದಂತೆ ಮಲಗಿದ್ದ. ಸಿಸ್ಟರ್ ರಬ್ಬರ್ ಚೀಲ ಒತ್ತಿದಾಗಷ್ಟೇ ಎದೆ ಏಳುತ್ತಿತ್ತು.

"ಹೋಗ್ಯಾನವ್ವಾ, ಪೈಪ ತಗಿ. ಒಂದ್ ಗುಟುಕ ನೀರ ಬಿಡತೇನಿ," ಎಂದು ಅತ್ತೆಯೇ ಪೈಪಿಗೆ ಕೈ ಹಾಕಿದಳು.

ಸಿಸ್ಟರ್ ಆ ಕೈ ಹಿಡಿದಳು. "ಮುಟ್ಟಬ್ಯಾಡ್ರಿ ಆಯಿ! ಅದು ಜರುಗಿದ್ರ ಉಸಿರು ನಿಂತ್ಹೋಗತೈತಿ. ವಿಷಕ್ಕ ಮೈ ಅಳ್ಳಾಡವಲ್ದು, ಜೀವ ಐತಿ."

ಅಣ್ಣನ ಮುಚ್ಚಿದ ಕಣ್ಣಿನಿಂದ ಒಂದು ಹನಿ ಕಿವಿಯತ್ತ ಇಳಿಯಿತು.

ಕೆಲವು ದಿನಕ್ಕೆ ವಿಷ ಇಳಿದು, ಪೈಪು ತೆಗೆದ ಮೇಲೆ ಒಡಕು ದನಿಯಲ್ಲಿ ಅವನಾಡಿದ ಮೊದಲ ಮಾತು, "ಅತ್ತಿ, ಅಷ್ಟ್ಯಾಕ ಅವಸರಾ ಮಾಡಿದಿ?"

ಅಂದಿನಿಂದ ಸಾವಿನ ಮನೆಗೆ ಹೋದರೆ ನಾನು ಹೆಣದ ಹತ್ತಿರ ಮಾತಾಡುವುದಿಲ್ಲ. ಕೇಳಿಸುತ್ತಿರಬಹುದು ಎನಿಸುತ್ತದೆ.